ಅಕ್ಕನ ಬಾವಿಗೆ ಕೊಟ್ಟ ಮೀನು

ನಾನು ಮೀನು ಸಾಕುವುದು ಕೆಟ್ಟುಹೋದ ಫ್ರಿಜ್ಜುಗಳಲ್ಲಿ. ಬಾಗಿಲು ಕಿತ್ತು, ಅಂಗಾತ ಮಲಗಿಸಿ ನೀರು ತುಂಬಿಸಿದರೆ ಅದಕ್ಕಿಂತ ಒಳ್ಳೆಯ ತೊಟ್ಟಿ ಬೇರೆ ಬೇಡ. ಕೋಡಿಂಬಾಳದ ನಮ್ಮ ಹಿತ್ತಲಿನಲ್ಲಿ ಅಂಥವು ಸಾಲಾಗಿ ಬಿದ್ದುಕೊಂಡಿವೆ. ಗಪ್ಪಿ ಮೀನು ಮರಿ ಮಾಡಿಸಿ ಪುತ್ತೂರಿನ ಅಂಗಡಿಗಳಿಗೆ ಕೊಡುತ್ತೇನೆ. "ನಿಮ್ಮ ಮೀನಾದ್ರೆ ನಾವು ಕಣ್ಣು ಮುಚ್ಚಿ ತಗೊಳ್ಳುದು" ಎಂದು ಅಂಗಡಿಯವರು ಹೇಳಿದಾಗೆಲ್ಲ ನನಗೆ ಎರಡು ಕೋಡು ಮೂಡುತ್ತಿದ್ದವು.

ಕಳೆದ ಬೇಸಗೆಯಲ್ಲಿ ಒಂದು ಫ್ರಿಜ್ಜಿನ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ ಎದ್ದು, ಅಷ್ಟೂ ಸತ್ತವು. ಪಕ್ಕದ ಫ್ರಿಜ್ಜಿನವು ಚೆನ್ನಾಗಿಯೇ ಓಡಾಡುತ್ತಿದ್ದವು. ಆದರೆ ಎರಡಕ್ಕೂ ನಾನು ಅದ್ದಿದ್ದು ಒಂದೇ ಬಲೆ. ಸಂಶಯ ಬಂದು ಅವನ್ನು ಅಂಗಡಿಗೆ ಕಳಿಸಲಿಲ್ಲ. ಸ್ವಲ್ಪ ದಿನ ಕಾದು ನೋಡುತ್ತೇನೆ ಎಂದು ಫೋನು ಮಾಡಿ ಹೇಳಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ವಾರವೇ ಮೇಲಿನ ಮನೆಯ ಅಕ್ಕ ಬಂದರು. ರಕ್ತಸಂಬಂಧವೇನಿಲ್ಲ, ಮದುವೆಯಾಗಿ ಬಂದ ದಿನದಿಂದ ನಾನು ಹಾಗೆ ಕರೆಯುವುದು.

"ಬಾವಿಯಲ್ಲಿ ಸೊಳ್ಳೆಮರಿ ಆಗಿದೆ ಮಾರಾಯ್ತಿ. ನಮ್ಮ ಬಾವಿಯ ದೊಡ್ಡ ಮೀನುಗಳಿಗೆ ಅನ್ನ ಮಾತ್ರ ಆಗುದು, ಅಷ್ಟು ಕೊಂಡಾಟ ಅವಕ್ಕೆ. ನಿನ್ನ ಸಣ್ಣ ಮೀನು ನಾಲ್ಕು ಕೊಡು."

ಇವಕ್ಕೆ ರೋಗ ತಾಗಿರಬಹುದು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ನುಂಗಿಕೊಂಡೆ. ಮಾರುತ್ತಿಲ್ಲವಲ್ಲ, ಸುಮ್ಮನೆ ಕೊಡುವುದಲ್ಲವಾ ಎಂದು ನನಗೆ ನಾನೇ ನ್ಯಾಯ ತೀರಿಸಿದೆ. ದುಡ್ಡು ಮುಟ್ಟದಿದ್ದರೆ ಪಾಪವೂ ಮುಟ್ಟುವುದಿಲ್ಲ ಎಂದುಕೊಂಡ ನನ್ನ ಬುದ್ಧಿ ನೋಡಿ! ಅಂಗಡಿಗೆ ಕಳಿಸದೆ ಉಳಿಸಿದ್ದವುಗಳಿಂದಲೇ ಒಂದು ಚೀಲ ಮೀನು ಕೊಟ್ಟೆ. ಮರುದಿನ ಅಕ್ಕ ಹಲಸಿನ ಹಣ್ಣು ಕಳಿಸಿದರು. ತಿಂದೆವು.

ಕೆಲವು ದಿನ ಕಳೆದ ಮೇಲೆ ಅಕ್ಕನ ದೊಡ್ಡ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ತೋಡಿನಿಂದ ಹಿಡಿದು ತಂದು, ವರ್ಷಗಟ್ಟಲೆ ಅನ್ನದ ಅಗುಳು ಹಾಕಿ ಸಾಕಿದ ಮೀನುಗಳು. ಅದರ ಹಿಂದಿನ ದಿನವಷ್ಟೇ ಬಾವಿಯ ಪಕ್ಕದ ತೋಟದವನು ಅಡಿಕೆ ಮರಗಳಿಗೆ ಮದ್ದು ಸಿಂಪಡಿಸಿದ್ದ. ಮೈಲುತುತ್ತಿನ ಮದ್ದು ಮೀನಿಗೆ ವಿಷವೆಂದು ಇಲ್ಲಿ ಎಲ್ಲರಿಗೂ ಗೊತ್ತು. ಅವನ ಬಾವಿ ಬತ್ತಿದ್ದರಿಂದ ಅವನ ಮನೆಗೂ ಅಕ್ಕನ ಬಾವಿಯದ್ದೇ ನೀರು. "ಬಾವಿಗೆ ವಿಷ ಹಾಕಿದವರಿಗೆ ನೀರು ಎಂತಕ್ಕೆ?" ಎಂದು ಅಕ್ಕ ಅವನ ಹೆಂಡತಿಯನ್ನು ಅಂಗಳದಿಂದಲೇ ತಿರುಗಿಸಿ ಕಳಿಸಿದರು. ಅವಳು ರಸ್ತೆಯ ನಳ್ಳಿಯಿಂದ ಕೊಡಪಾನ ಹೊತ್ತು ಗುಡ್ಡೆ ಹತ್ತುವುದು ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು. ಹೋಗಿ ಹೇಳಬೇಕು ಎಂದುಕೊಳ್ಳುತ್ತಲೇ ಸಾಂಬಾರಿಗೆ ಒಗ್ಗರಣೆ ಹಾಕಿದೆ. ಹಾಗೆ ಎಷ್ಟು ಒಗ್ಗರಣೆ ಹಾಕಿದೆನೋ, ಹೇಳಲು ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಅಕ್ಕನ ಬಾವಿಯ ಕಡೆ ಪಂಪಿನ ಸದ್ದು ಕೇಳಿ ಹೋದೆ. ಆ ತೋಟದವನೇ ತನ್ನ ಪಂಪು ತಂದು ನೀರು ಖಾಲಿ ಮಾಡುತ್ತಿದ್ದ.

"ಮದ್ದು ಗಾಳಿಗೆ ಹಾರಿ ಬಿದ್ದಿರ್ಬೇಕು. ನನ್ನದೇ ತಪ್ಪು" ಎಂದ ನನ್ನೊಡನೆ, ಕೇಳದಿದ್ದರೂ.

ತಳದ ನೀರಿನಲ್ಲಿ ನನ್ನ ಗಪ್ಪಿಗಳು ಬಾಲ ಬೀಸುತ್ತಾ ಓಡಾಡುತ್ತಿದ್ದವು. ಅವನು ಇಳಿದು ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿ ಮೇಲೆ ಕಳಿಸಿದ.

"ನೋಡು, ನಿನ್ನ ಮೀನು ಎಷ್ಟು ಗಟ್ಟಿ!" ಎಂದರು ಅಕ್ಕ, ಮೆಚ್ಚಿಕೊಂಡು.

ಅಲ್ಲಿಗೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. "ಮದ್ದು ಬಿದ್ದದ್ದಾದ್ರೆ ಮೊದಲು ಈ ಸಣ್ಣವೇ ಸಾಯ್ಬೇಕಿತ್ತು ಅಕ್ಕ. ರೋಗ ಇವುಗಳಿಂದಲೇ ಬಂದದ್ದು, ತಾವು ಸಾಯದೆಯೂ ಬೇರೆ ಮೀನಿಗೆ ದಾಟಿಸ್ತವೆ. ಕೊಡುವಾಗಲೇ ನಂಗೆ ಸಂಶಯ ಇತ್ತು."

ಅಕ್ಕ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಬಕೆಟ್ಟನ್ನು ನನ್ನ ಕಾಲಬುಡಕ್ಕೆ ನೂಕಿ, "ನಿನ್ನದು ನೀನೇ ತಗೊಂಡು ಹೋಗು" ಎಂದರು. ಬೈದಿದ್ದರೆ ವಾಸಿಯಿತ್ತು.

ಅವನು ಮೇಲೆ ಬಂದು ಪಂಪು ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. "ಈ ಮಾತನ್ನು ನಮ್ಮ ಮನೆಗೆ ಬಂದು ಹೇಳ್ತೀರಾ? ಎಷ್ಟು ದಿನದಿಂದ ಹೆಂಡತಿಯೂ ನನ್ನನ್ನೇ ಬೈಯುದು."

ಬಕೆಟ್ಟು ಹಿಡಿದುಕೊಂಡೇ ಅವನ ಹಿಂದೆ ನಡೆದೆ. ಅವನ ಹೆಂಡತಿ ಆಗಷ್ಟೇ ನಳ್ಳಿಯಿಂದ ಬಂದಿದ್ದಳು. ಕೊಡಪಾನ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಬಕೆಟ್ಟಿಗೆ ಇಣುಕಿದಳು.

"ಎಂತ ಚಂದ ಉಂಟು! ನಮಗೆ ತಂದದ್ದಾ?"

"ಅಲ್ಲ. ಇವಕ್ಕೆ ರೋಗ ಉಂಟು" ಎಂದೆ. ಅಕ್ಕ ಮೀನು ಕೇಳಿಕೊಂಡು ಬಂದ ದಿನ ಇಷ್ಟೇ ಹೇಳಿದ್ದರೆ ಸಾಕಿತ್ತು.