ಚಿಕ್ಕಪ್ಪನಿಗೊಂದು ಬಾಗುವ ಕೋಲು

ಹೊನ್ನವಳ್ಳಿಯಿಂದ ತಿಪಟೂರಿಗೆ ಹೊರಡುವ ಭಾನುವಾರದ ಮೊದಲ ಬಸ್ಸನ್ನು ನಾನೂ ಕೆಂಪಯ್ಯ ಚಿಕ್ಕಪ್ಪನೂ ಹತ್ತಿದೆವು. ನನ್ನ ಕೈಯಲ್ಲಿ ಗಾಳದ ಕೋಲೊಂದಿತ್ತು. ಹೋದ ದೀಪಾವಳಿಗೆ ನಾನೇ ಕೊಡಿಸಿದ್ದು. ಆರು ತಿಂಗಳೊಳಗೆ ಯಾರಿಗೂ ಬೇಡವಾಗಿತ್ತು.

"ಯಜಮಾನ್ರೇ, ಆ ದೋಟಿ ಬಾಗ್ಲಿಗೆ ಅಡ್ಡ ಹಿಡೀಬ್ಯಾಡಿ" ಎಂದ ಕಂಡಕ್ಟರು.

"ದೋಟಿ ಅಲ್ಲ ಕಣಪ್ಪ, ಗಾಳ" ಎಂದ ಚಿಕ್ಕಪ್ಪ.

ಕಂಡಕ್ಟರು ನನಗೆ ಹೆಂಗಸರ ಪುಕ್ಕಟೆ ಟಿಕೆಟ್ಟು ಹರಿದುಕೊಟ್ಟು ಚಿಕ್ಕಪ್ಪನ ಮುಂದೆ ಕೈ ಚಾಚಿದ. ಚಿಕ್ಕಪ್ಪ ಜೇಬಿಗೆ ಕೈ ಹಾಕುತ್ತಾ, "ಸಂಬಳ ತಗಳ್ಳೋಳು ಅವ್ಳು, ಟಿಕೆಟ್ ತಗಳ್ಳೋನು ನಾನು. ಮುಂದಿನ ಜನ್ಮಕ್ಕೆ ಸೀರೆ ಉಟ್ಕೊಂಡೇ ಹುಟ್ತೀನಿ ಬುಡು" ಎಂದ. ಮುಂದಿನ ಸೀಟಿನ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು.

ನಾನು ಚಿಕ್ಕನಾಯಕನಹಳ್ಳಿಯಲ್ಲಿ ಹೈಸ್ಕೂಲು ವಿಜ್ಞಾನ ಟೀಚರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹಾಸ್ಟೆಲಿನ ನೀರು ಸಾರು ಕುಡಿದು ಕಲಿತದ್ದು. ಆದರೆ ಅದಕ್ಕೂ ಮೊದಲು ನನಗೆ ಸಿಕ್ಕ ವಿದ್ಯೆ ಗಾಳದ್ದು, ಅದನ್ನು ಕಲಿಸಿದವನು ಈ ಚಿಕ್ಕಪ್ಪ. ವಾರವೆಲ್ಲ ತೋಟ ತೋಟ ಸುತ್ತಿ, ತುದಿಗೆ ಕುಡುಗೋಲು ಕಟ್ಟಿದ ದೋಟಿಯಲ್ಲಿ ತೆಂಗಿನಕಾಯಿ ಕೆಡವುತ್ತಿದ್ದವನು ಭಾನುವಾರ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೆರೆಗೆ ಹೋಗುತ್ತಿದ್ದ. ಎರೆಹುಳದ ಡಬ್ಬಿ ನನ್ನ ತೊಡೆಯ ಮೇಲೆ. ಅವನ ಬೆನ್ನಿನಿಂದ ಬೆವರು, ಬೀಡಿ, ತೆಂಗಿನ ಸಿಪ್ಪೆಯ ವಾಸನೆ. ಈಗಲೂ ಊರು ಎಂದರೆ ನನ್ನ ಮೂಗಿಗೆ ಬರುವುದು ಅದೇ.

ದೋಟಿ ಎತ್ತಿ ಎತ್ತಿ ಅವನ ಬಲಭುಜ ಕೆಟ್ಟಿದೆ. ಕಾಯಿ ಕೆಡವುವುದನ್ನು ಬಿಟ್ಟು ಎರಡು ವರ್ಷವಾಯಿತು, ಉಳಿದಿರುವುದು ಗಾಳವೊಂದೇ. ಅದೂ ಈಗ ಹುಳದ ಗಾಳವಲ್ಲ. ಈಗ ಅವನು ಬಸ್ಸು ಹತ್ತಿ ಹೋಗುವ ಕೆರೆ ತುಂಬಿದ ಮೇಲೆ ತೂಬಿನ ಬಳಿಯ ಆಳದಲ್ಲಿ ಬಾಳೆ ಮೀನು ಬೆಳೆದಿದೆ. ಅದಕ್ಕೆ ಕ್ರ್ಯಾಂಕ್‌ಬೈಟ್ ಎನ್ನುವ ಪ್ಲಾಸ್ಟಿಕ್ ಮೀನು ಬೇಕು. ಅದರ ಮೂತಿಗೆ ಚಮಚದಂಥ ಅಗಲ ತುಟಿ. ರೀಲು ಸುತ್ತಿದಷ್ಟೂ ಆ ತುಟಿ ನೀರನ್ನು ಒತ್ತಿಕೊಂಡು ಮೀನನ್ನು ಕೆಳಗೆ, ಕೆಳಗೆ ಇಳಿಸುತ್ತದೆ. ಚಿಕ್ಕಪ್ಪ ಅದಕ್ಕೆ 'ಚಮಚದ ಮೀನು' ಎಂದು ಹೆಸರಿಟ್ಟಿದ್ದಾನೆ. ನಾನು ಕೊಡಿಸಿದ ಕೋಲಿನಲ್ಲಿ ಎರಡು ಸಲ ಬಾಳೆ ಕಚ್ಚಿತ್ತು. ಎರಡು ಸಲವೂ ಬಾಯಿ ಹರಿದುಕೊಂಡು ಹೋಯಿತು. ಭುಜ ಬೇರೆ ರಾತ್ರಿಯೆಲ್ಲ ನೋಯುತ್ತಿತ್ತು.

"ಇನ್ನೊಂದು ಕೋಲು ನೋಡಣ ಅಂತೀಯ, ಬತ್ತೀನಿ" ಎಂದು ಒಪ್ಪಿದ್ದ. "ಇದ್ರಾಗೂ ಆಗ್ಲಿಲ್ಲಾಂದ್ರೆ ಕೋಲು ನೀನೇ ತಗಂಡೋಗು. ನಾನಿನ್ನು ಗಾಳ ಮುಟ್ಟಕಿಲ್ಲ. ಕೆರೆ ತಾವ ಬಾ ಅಂತ ನನ್ನ ಕರೀಲೂಬ್ಯಾಡ."

ತಿಪಟೂರಿನಲ್ಲಿ ಇಳಿದಾಗ ಮೋಡ ಮುಚ್ಚಿತ್ತು, ಮಳೆಯಿರಲಿಲ್ಲ. ಕೊಬ್ಬರಿ ಮೂಟೆ ತುಂಬಿದ ಲಾರಿಗಳ ಸಂದಿಯಲ್ಲಿ ನಡೆದು ಬಸಣ್ಣನವರ ಅಂಗಡಿಗೆ ಹೋದೆವು. ಹಗ್ಗ, ದೋಟಿಯ ಕುಡುಗೋಲು, ಸಿಪ್ಪೆ ಸುಲಿಯುವ ಕಬ್ಬಿಣ ಮಾರುವ ಹಳೆಯ ಅಂಗಡಿ. ನಾನು ಚಿಕ್ಕವಳಿದ್ದಾಗ ಗಾಳದ ಸಾಮಾನೆಂದರೆ ಇಲ್ಲಿ ಒಂದು ಪೊಟ್ಟಣ ಕೊಕ್ಕೆ ಮಾತ್ರ ಇರುತ್ತಿತ್ತು. ಈಗ ಒಂದು ಗೋಡೆಯ ತುಂಬ ಬಣ್ಣದ ಕೋಲುಗಳು.

ಬಸಣ್ಣ ಮೂರು ಕೋಲು ಇಳಿಸಿ ಗಲ್ಲಾದ ಮೇಲಿಟ್ಟರು. ಚಿಕ್ಕಪ್ಪ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು, ತುದಿಯನ್ನು ಸೂರಿನತ್ತ ಎತ್ತಿ, ಒಂದು ಕಣ್ಣು ಮುಚ್ಚಿ ಅಲುಗಿಸಿದ. ಎರಡರ ತುದಿ ಬಳುಕಿತು. ಮೂರನೆಯದು ನೆಟ್ಟಗೆ ನಿಂತಿತು.

"ಇದಪ್ಪಾ ಗಳ ಅಂದ್ರೆ! ಅವೆರಡು ನುಗ್ಗೇಕಾಯಿ."

ನನಗೆ ಥಟ್ಟನೆ ಹೊಳೆದದ್ದು ಆಗಲೇ. ದೀಪಾವಳಿಯಲ್ಲೂ ಹೀಗೇ ಸೂರಿಗೆ ಎತ್ತಿ ನೋಡಿ ಆರಿಸಿದ್ದೆವು. ನಾನೂ ತಲೆಯಾಡಿಸಿದ್ದೆ. ತೆಂಗಿನ ಸೀಮೆಯವರ ಕಣ್ಣು ನಮ್ಮದು. ಗಳ ಕಂಡರೆ ಅದು ಬಗ್ಗುತ್ತದೋ ಎಂದೇ ನೋಡುತ್ತೇವೆ, ಬಗ್ಗಿದರೆ ಕೆಳಗಿಡುತ್ತೇವೆ. ಬಳುಕುವ ದೋಟಿಯ ಕುಡುಗೋಲು ಗೊನೆಗೆ ಸಿಕ್ಕುವುದಿಲ್ಲವಲ್ಲ!

"ಚಿಕ್ಕಪ್ಪ, ಚಮಚದ ಮೀನಿಗೆ ನಡುವಿನತನಕ ಬಗ್ಗೋ ಕೋಲೇ ಬೇಕು. ನಾನು ಓದಿದ್ದೀನಿ. ಬಾಳೆ ಬಾಯಿ ಮುಚ್ಚೋಕೆ ಮುಂಚೆ ಬಿರುಸು ಕೋಲು ಕೊಕ್ಕೆ ಕಿತ್ಕೊಂಡು ಬಂದ್ಬಿಡುತ್ತೆ."

"ಓದಿದ್ದ ಹೋಗಿ ನಿನ್ ಇಸ್ಕೂಲ್ ಮಕ್ಳಿಗೆ ಹೇಳು. ಬಗ್ಗೋದ ಕೊಳ್ಳಕ್ಕೆ ಅಷ್ಟು ದೂರದಿಂದ ಬರಬೇಕಿತ್ತೇನೆ?"

ಬಸಣ್ಣ ನಗುತ್ತಾ, "ಜಗಳ ಯಾಕೆ ಯಜಮಾನ್ರೇ, ಮೀನನ್ನೇ ಕೇಳ್‌ಬುಡಣ" ಎಂದು ಒಳಗಿನಿಂದ ಸಿಪ್ಪೆ ಸುಲಿಯದ ತೆಂಗಿನಕಾಯಿ ತಂದರು. ಬಿರುಸು ಕೋಲಿಗೆ ದಾರ ಪೋಣಿಸಿ, ಪ್ಲಾಸ್ಟಿಕ್ ಮೀನಿನ ಕೊಕ್ಕೆಯನ್ನು ಕಾಯಿಯ ಸಿಪ್ಪೆಗೆ ಸಿಕ್ಕಿಸಿದರು. "ಮೇಡಂ, ನೀವೇ ಬಾಳೆ. ಕಾಯಿ ಹಿಡ್ಕಂಡು ಎಳೀರಿ."

ನಾನು ಸೀರೆ ಎತ್ತಿ ಕಟ್ಟಿ ಅಂಗಡಿಯ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತೆ. ಚಿಕ್ಕಪ್ಪ ಒಂದು ಜಗ್ಗು ಜಗ್ಗಿದ, ನಾನೂ ಜಗ್ಗಿದೆ. ಕೊಕ್ಕೆ ಒಂದು ಹಿಡಿ ನಾರು ಕಿತ್ತುಕೊಂಡು ಅವನ ಕಿವಿಯ ಪಕ್ಕದಲ್ಲಿ ಹಾರಿತು. ಕಾಯಿ ನನ್ನ ಕೈಯಲ್ಲೇ ಉಳಿಯಿತು.

"ಹೋಯ್ತು ನಿಮ್ಮ ಬಾಳೆ" ಎಂದರು ಬಸಣ್ಣ.

ಬಳುಕುವ ಕೋಲಿನ ಸರದಿ ಬಂತು. ಅವನು ಜಗ್ಗಿದ, ನಾನು ಹಿಂದಕ್ಕೆ ವಾಲಿದೆ. ಕೋಲು ನಡುವಿನವರೆಗೂ ಬಾಗಿತು, ನಾನು ಎಳೆದಷ್ಟೂ ಬಾಗಿತು. ಸಿಪ್ಪೆ ಹರಿಯಲಿಲ್ಲ. ನಾನು ಸುಸ್ತಾಗಿ ಕೈ ಬಿಟ್ಟಾಗ ಕಾಯಿ ನೆಲದ ಮೇಲೆ ಉರುಳಿಕೊಂಡು ಸಾಕಿದ ನಾಯಿಯ ಹಾಗೆ ಅವನ ಕಾಲ ಬುಡಕ್ಕೆ ಹೋಯಿತು.

ಚಿಕ್ಕಪ್ಪ ಬಗ್ಗಿ ಕಾಯಿ ಎತ್ತಿಕೊಂಡು ಸಿಪ್ಪೆ ತಿರುಗಿಸಿ ನೋಡಿದ. ಆಮೇಲೆ, "ಕಾಲ್ವೆ ಮಗ್ಗುಲಾಗೆ ಬಿದ್ರು ಕಡೀತಿದ್ದೆ, ನೆಪ್ಪೈತೇನವ್ವ?" ಎಂದ.

ನೆನಪಿತ್ತು. ಗಾಳದ ಕೋಲಿಗೆಂದು ಕಿರುಬೆರಳ ದಪ್ಪದ ಎಳೆಬಿದಿರು. ಅದನ್ನು ಒಲೆಯ ಹೊಗೆಗೆ ಹಿಡಿದು, ನನ್ನ ಮುಂದೆ ಬಿಲ್ಲಿನಂತೆ ಬಗ್ಗಿಸಿ ತೋರಿಸಿ, "ಬಾಲ ಆಡಿಸ್ದಂಗೆ ಆಡಬೇಕು" ಎನ್ನುತ್ತಿದ್ದ.

"ಅದ್ನ ನಾನೇ ಅಂತಿದ್ದೆ ನೋಡು" ಎಂದ. "ದೋಟಿ ಹಿಡ್ದೂ ಹಿಡ್ದೂ ಕೈಗೆ ಬಗ್ಗೋದೇ ಮರ್ತೋಗೈತೆ."

ಬಳುಕುವ ಎರಡರಲ್ಲಿ ಯಾವುದು ಎನ್ನುವುದನ್ನು ಅವನೇ ತೀರ್ಮಾನಿಸಿದ. ಎರಡೂ ನನ್ನ ಎತ್ತರಕ್ಕಿಂತ ಎರಡಡಿ ಉದ್ದ. ದೂರ ಎಸೆದರೆ ಪ್ಲಾಸ್ಟಿಕ್ ಮೀನಿಗೆ ಇಳಿಯಲು ಹೆಚ್ಚು ದಾರಿ ಸಿಗುತ್ತದೆ ಎಂದು ನಾನು ಅಷ್ಟು ಉದ್ದದ್ದು ಕೇಳಿದ್ದೆ. ಒಂದರ ಹಿಡಿ ಗಿಡ್ಡ, ಇನ್ನೊಂದರದ್ದು ಮೊಣಕೈ ದಾಟುವಷ್ಟು ಉದ್ದ. ಉದ್ದ ಹಿಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೋಡಿ, "ಭಾರ ಪಕ್ಕೆ ಮೇಲೆ ಬೀಳ್ತದೆ, ಭುಜಕ್ಕೆ ಬರಲ್ಲ. ಇದಿರ್ಲಿ" ಎಂದ. ಇದು ನಾನು ಓದಿದ ಯಾವುದರಲ್ಲೂ ಇರಲಿಲ್ಲ, ಓದುವವರ ಭುಜ ಕೆಟ್ಟಿರುವುದಿಲ್ಲ. ನಿಧಾನಕ್ಕೆ ಸುತ್ತುವ, ಆದರೆ ಎಳೆಯಲು ಹಗುರವಾದ ರೀಲೊಂದನ್ನು ಬಸಣ್ಣ ಕೂರಿಸಿದರು. ಹಳೆಯ ಕೋಲನ್ನು ಮಾರಿಕೊಡುತ್ತೇನೆಂದು ಅಲ್ಲೇ ಇಟ್ಟುಕೊಂಡರು.

ತುರುವೇಕೆರೆ ಬಸ್ಸು ಹತ್ತಿ ನೊಣವಿನಕೆರೆಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆವು. ಕಾಯಿಚಟ್ನಿ ಗಟ್ಟಿಯಾಗಿತ್ತು. ಇಲ್ಲಿ ನೀರು ಚಟ್ನಿ ಮಾಡಿದರೆ ಹೋಟೆಲು ನಡೆಯುವುದಿಲ್ಲ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ತೋಟಗಳ ನಡುವೆ ಮೈಲಿ ನಡಿಗೆ. ಕೆರೆಯ ಹೆಸರು ಬರೆಯಬಾರದೆಂದು ಚಿಕ್ಕಪ್ಪನ ಅಪ್ಪಣೆಯಾಗಿದೆ. ತುರುವೇಕೆರೆ ಕಡೆಯದು ಎಂದರೆ ಸಾಕು. ಕೆರೆ ಗುತ್ತಿಗೆ ಹಿಡಿದವರು ಬಲೆಗೆ ಬಿಡುವುದಿಲ್ಲ, ಗಾಳಕ್ಕೆ ಬೇಡ ಎನ್ನುವುದಿಲ್ಲ.

ಏರಿಯ ಮೇಲೆ ನಿಂತಾಗ ಗಾಳಿ ತಣ್ಣಗಿತ್ತು. ಎಮ್ಮೆ ತೊಳೆಯುತ್ತಿದ್ದವನೊಬ್ಬ, "ಏನ್ ಮೇಡಮ್ಮೋರೆ, ಕೆರೆ ಸರ್ವೆಗೆ ಬಂದ್ರಾ?" ಎಂದು ಕೂಗಿದ. "ಹೂಂ ಕಣಪ್ಪ, ನಿನ್ ಎಮ್ಮೆ ಒತ್ತುವರಿ ಮಾಡೈತಂತೆ" ಎಂದ ಚಿಕ್ಕಪ್ಪ. ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದ್ದ ಹಳೆಯ ತಮಾಷೆ ಅವನ ಗಂಟಲಿಗೆ ಮತ್ತೆ ಬಂದಿತ್ತು.

ಅವನು ಎಡಗೈಯ ಬಲದಲ್ಲಿ ಎಸೆದ, ಹಿಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ, ತುದಿಯನ್ನು ನೀರಿಗೆ ಬಗ್ಗಿಸಿ ರೀಲು ಸುತ್ತಿದ. ಕೋಲಿನ ತುದಿ ಗುಡುಗುಡು ನಡುಗತೊಡಗಿತು. "ಇಳೀತೈತೆ... ಇಳೀತೈತೆ... ಹಾ, ಕಲ್ಲು ತಾಕ್ತು." ಎಸೆದ, ಸುತ್ತಿದ. ಎಸೆದ, ಸುತ್ತಿದ. ಏನೂ ಕಚ್ಚಲಿಲ್ಲ. ನಾನು ಅವನ ಭುಜವನ್ನೇ ನೋಡುತ್ತಿದ್ದೆ. ಬಿಸಿಲು ಒಮ್ಮೆ ಬಂದು ಹೋಯಿತು. ಎಮ್ಮೆಯವನೂ ಹೋದ.

"ಸಾಕೇನೋ ಕಣವ್ವ" ಎಂದ ಕೊನೆಗೆ. ಅವನು ಹಾಗೆನ್ನುತ್ತಲೇ ಸುತ್ತುತ್ತಿದ್ದಾಗ ನಡುಗುತ್ತಿದ್ದ ತುದಿ ನಿಂತಿತು. ಕೋಲು ಭಾರವಾಗಿ ಕೆಳಗೆ ಬಾಗಿತು.

ಗೊನೆ ಕೊಯ್ಯುವಂತೆ ಜಗ್ಗಲು ಅವನ ತೋಳು ಮೇಲೆದ್ದದ್ದು ನನಗೆ ಕಂಡಿತು. "ಜಗ್ಗಬ್ಯಾಡ ಚಿಕ್ಕಪ್ಪ! ಬಗ್ಗಲಿ ಬುಡು!" ಎಂದು ಕಿರುಚಿದೆ. ಮೇಷ್ಟ್ರ ಭಾಷೆಯೆಲ್ಲ ಎಲ್ಲಿ ಹೋಯಿತೋ!

ಎದ್ದ ತೋಳು ಅರ್ಧಕ್ಕೇ ನಿಂತಿತು. ಅವನು ಕೋಲನ್ನು ಬಾಗಲು ಬಿಟ್ಟ. ಮೀನು ತೂಬಿನ ಕಡೆಗೆ ಓಡಿತು, ಕೋಲು ಬಾಗಿತು. ಮೀನು ದಣಿಯಿತು, ಕೋಲು ಎದ್ದಿತು. ಮತ್ತೆ ಓಡಿತು. ಚಿಕ್ಕಪ್ಪ ತುಟಿ ಕಚ್ಚಿಕೊಂಡು ಸುತ್ತಿದ, ನಿಲ್ಲಿಸಿದ, ಸುತ್ತಿದ. ಕೊನೆಗೆ ಅಗಲ ಬಾಯಿಯ ಬಾಳೆ ಏರಿಯ ಕಲ್ಲಿಗೆ ಬಂದು ತಾಕಿದಾಗ ನಾನು ನೀರಿಗಿಳಿದು ಸೆರಗಿನಲ್ಲಿ ಹಿಡಿದೆ. ದೊಡ್ಡದೇನಲ್ಲ, ನನ್ನ ತೋಳಿನಷ್ಟು ಉದ್ದ.

"ಭುಜ?" ಎಂದೆ.

"ಯಾವ ಭುಜ?" ಎಂದ.

ಮನೆ ಸೇರಿದಾಗ ದೀಪ ಹಚ್ಚಿದ್ದರು. ಚಿಕ್ಕಮ್ಮ ಮೀನು ನೋಡಿ, "ಇಷ್ಟುದ್ದದ್ಕೆ ಮೂರು ಬಸ್ ಹತ್ತಿ ಇಳಿದ್ರಾ?" ಎಂದು ಆಡಿಕೊಂಡು, ಹುಣಸೆಹುಳಿ ಗಟ್ಟಿಯಾಗಿ ಬಿಟ್ಟು ಸಾರು ಮಾಡಿದಳು. ಮುದ್ದೆಯ ಜೊತೆ ಇನ್ನೊಂದು ಮೀನಾದರೂ ಸಾಲುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಹೊತ್ತಾಗುತ್ತದೆಂದು ಬ್ಯಾಗು ಹಿಡಿದು ಹೊರಗೆ ಬಂದೆ. ಜಗುಲಿಯ ಸೂರಿನ ಕೆಳಗೆ ದೋಟಿಗೆಂದು ಹೊಡೆದಿದ್ದ ಎರಡು ಮೊಳೆಗಳ ಮೇಲೆ ಹೊಸ ಕೋಲು ಮಲಗಿತ್ತು. ದೋಟಿ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಚಿಕ್ಕಪ್ಪ ಜಗುಲಿಯಲ್ಲಿ ಕೂತು ಎಡಗೈಯಿಂದ ಭುಜಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಬರೋ ಭಾನ್ವಾರ ರಜಾ ತಾನೆ ನಿಂಗೆ?" ಎಂದ.

"ಭಾನುವಾರ ಎಲ್ಲರಿಗೂ ರಜಾನೇ ಚಿಕ್ಕಪ್ಪ."

"ಅದ್ನೇ ಕೇಳ್ದೆ. ಹೊತ್ತಿಗ್ ಮುಂಚೆ ಬಂದ್ಬುಡು."

ಬಸ್ಸು ಮನೆಯ ಮುಂದಿನ ತಿರುವಿನಲ್ಲಿ ನಿಧಾನವಾದಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಅವನು ಎದ್ದು ನಿಂತು ಕೋಲನ್ನು ಮೊಳೆಯಿಂದ ಇಳಿಸಿಕೊಂಡಿದ್ದ. ಈ ಸಲ ಸೂರಿಗೆ ಎತ್ತಲಿಲ್ಲ. ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ಬಿಟ್ಟು, ಅದು ಬಾಲದಂತೆ ಆಡುವುದನ್ನು ನೋಡುತ್ತಿದ್ದ.