ಹೊಸ್ತಿಲಿದ್ದ ಎಲುಬು

ಮೈಯೊಳಗಿನದು ಮೈಗೆ ಮೊದಲೇ ತಿಳಿದಿರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ಪೂರ್ತಿ ನಂಬಿದ್ದೇನೆ ಎಂದೂ ಅಲ್ಲ. ನೆನಪು ತನಗೆ ಬೇಕಾದಂತೆ ಸಾಮಾನು ಜೋಡಿಸಿಡುತ್ತದೆ. ಆದ್ದರಿಂದ ಓದುವವರು ನನ್ನನ್ನೂ ತುಸು ಅನುಮಾನದಿಂದಲೇ ನೋಡಬೇಕು.

ಎಂಬತ್ತರ ದಶಕದ ಕೊನೆ. ನನ್ನ ಸೋದರಮಾವ ಐರಣಿಯಲ್ಲಿ ಬಡಗಿ. ಸುತ್ತಲಿನ ಎಷ್ಟೋ ಮನೆಗಳ ಬಾಗಿಲ ಚೌಕಟ್ಟುಗಳು ಅವನ ಕೈಯವು. ಬ್ಯಾಡಗಿಯಲ್ಲಿ ಅವನ ಮಗಳು ಸರೋಜಾಳ ಮನೆ ಏಳುತ್ತಿತ್ತು. ಅದರ ತಲೆಬಾಗಿಲ ಕೆಲಸ ನಡೆದಾಗಲೇ ಅವನ ನಡು ಹಿಡಿಯಿತು. ರಾಣೆಬೆನ್ನೂರಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಕ್ಯಾನ್ಸರ್ ಎಲುಬಿಗೆ ಇಳಿದಿರಬಹುದು, ಎಕ್ಸ್‌ರೇ ನೋಡದೆ ಹೇಳಲಾಗದು ಎಂದರು. ಮಾವನಿಗೆ ಅದು ಕೇಳಿಸಿಬಿಟ್ಟಿತ್ತು.

ಆ ಸಂಜೆ ಐರಣಿಗೆ ಮರಳಿ ಅವನು ಆ ತಲೆಬಾಗಿಲ ಚೌಕಟ್ಟಿನ ಸಾಗವಾನಿ ಪಟ್ಟಿಯ ಮೇಲೆ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಒಂದು ಸಣ್ಣ ಚೌಕ ಬರೆದ. ಸುತ್ತ ದಪ್ಪ ಅಂಚು, ಒಳಗೆ ಖಾಲಿ. ಕೆಳಗಿನ ಅಂಚು ಉಳಿದವಕ್ಕಿಂತ ದಪ್ಪ.

"ನನ್ನ ನಡದಾಗ ಇಂಥಾದ್ದೊಂದು ಕೂತೈತಿ ಅಳಿಯಾ."

"ಕೆಳಗಿನ ಗೆರಿ ಬಲಕ್ಕ ಇಳದೈತಲ್ಲ ಮಾವ?"

"ನಾ ಕೂಡಿಸಿದ್ದಲ್ಲಲೇ ಅದು."

ಮರುದಿನ ಹಾವೇರಿಯಲ್ಲಿ ಎಕ್ಸ್‌ರೇ ತೆಗೆಸಿ ರಾಣೆಬೆನ್ನೂರಿಗೆ ತಂದೆವು. ಡಾಕ್ಟರು ಅದನ್ನು ದೀಪದ ಗಾಜಿಗೆ ಸಿಕ್ಕಿಸಿದರು. ಸೊಂಟದ ಎಲುಬುಗಳ ಸಾಲಿನಲ್ಲಿ ಒಂದು ಮಾತ್ರ ಬೇರೆ: ಸುತ್ತ ದಪ್ಪ ಬಿಳಿ ಅಂಚು, ನಡುವೆ ಮಸುಕು. ಕೆಳಗಿನ ಅಂಚು ಹೆಚ್ಚು ದಪ್ಪ, ಬಲಕ್ಕೆ ತುಸು ಇಳಿದಿತ್ತು.

ಇದು ಕ್ಯಾನ್ಸರ್‌ನಂತಿಲ್ಲ, ಹಳೆಯ ಎಲುಬು ಕರಗಿ ಹೊಸದು ಅಂಕೆಯಿಲ್ಲದೆ ಕಟ್ಟಿಕೊಳ್ಳುವ ಅಪರೂಪದ ರೋಗ ಎಂದರು ಡಾಕ್ಟರು. ಆಮೇಲೆ ರಕ್ತಪರೀಕ್ಷೆಯೂ ಅದನ್ನೇ ಹೇಳಿತು.

"ಪುಸ್ತಕದಾಗ ಇದಕ್ಕ ಫೋಟೋ ಫ್ರೇಮ್ ಅಂತಾರ್ರಿ, ಬಡಿಗೇರ."

"ಫೋಟೋಕ್ಕ ಹೊಸ್ತಿಲ ಇರಂಗಿಲ್ರಿ ಸಾಹೇಬ್ರ. ಇದು ಬಾಗಲದ್ದು."

ಡಾಕ್ಟರು ನಕ್ಕರು. ಮಾವ ನಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಬೆಳಕಿಗೆ ಫಿಲ್ಮು ಹಿಡಿದು ಪಕ್ಕದವರಿಗೆ ತೋರಿಸುತ್ತ ಬಂದ. "ಊರ ಮಂದಿಗೆಲ್ಲಾ ನಾ ಕೂಡಿಸಿದ್ನಿ. ನನಗ ದೇವರು ಕೂಡಿಸ್ಯಾನ." ಸಾವು ಬಗಲಿಗೆ ಬಂದು ಹೋದ ದಿನ ಹೀಗೆ ಎದೆಯೆತ್ತಿ ಕೂತವನ ಅಳಿಯ ನಾನು ಎಂಬ ಹೆಮ್ಮೆ ನನಗೆ ಇನ್ನೂ ಇಳಿದಿಲ್ಲ. ಫಿಲ್ಮು ಅವನು ಕೆಲಸ ಮಾಡುವ ಕೋಣೆಯ ಕಿಟಕಿಯಲ್ಲಿ ತೂಗಿತು. ಡಾಕ್ಟರು ಭಾರ ಎತ್ತಬಾರದೆಂದಿದ್ದರು. ಅವನು ನಡುವಿಗೆ ಪಟ್ಟಿ ಬಿಗಿದು ಬ್ಯಾಡಗಿಗೆ ಹೋಗಿ, ನಾಲ್ಕು ಮಂದಿಯಿಂದ ಎತ್ತಿಸಿ, ಮಟ್ಟ ಮಾತ್ರ ತಾನೇ ನೋಡಿ ಆ ಚೌಕಟ್ಟು ಕೂಡಿಸಿದ.

ಮಾವ ಈಗಿಲ್ಲ. ಸರೋಜಾ ಬೇರೆಯೇ ಹೇಳುತ್ತಾಳೆ: "ಅಪ್ಪ ಬರದದ್ದು ಎಕ್ಸ್‌ರೇ ನೋಡಿದ ಮ್ಯಾಲ. ನಿಂದ ಹಿಂದ ಮುಂದ ಆಗೇತಿ." ಆ ಸಂಜೆ ಅವಳು ಐರಣಿಯಲ್ಲಿ ಇರಲಿಲ್ಲ. ನಾನಿದ್ದೆ ಎಂದು ಎಷ್ಟು ಗಟ್ಟಿಯಾಗಿ ಹೇಳಲಿ? ಗೆರೆಗಳ ಮೇಲೆ ಈಗ ಬಣ್ಣ ಕೂತಿದೆ. ಬೇಕಾದರೆ ಕೆರೆದು ನೋಡು ಎಂದಳು. ಕೆರೆದರೆ ಚೌಕ ಸಿಕ್ಕೀತು. ಅದು ಎಕ್ಸ್‌ರೇಗೆ ಮೊದಲಿನದೋ ನಂತರದ್ದೋ ಎಂದು ಮರ ಹೇಳಲಾರದು.

ಸರೋಜಾಳ ಮನೆಗೆ ಹೋದಾಗಲೆಲ್ಲ ಒಳಗೆ ಕಾಲಿಡುವ ಮುನ್ನ ಬಗ್ಗಿ ಹೊಸ್ತಿಲ ಬಲತುದಿ ನೋಡುತ್ತೇನೆ. ಕೂದಲೆಳೆಯಷ್ಟೂ ಇಳಿದಿಲ್ಲ. ಅದು ಅವನು ಕೂಡಿಸಿದ್ದು.