ಉತ್ತರ ಹೇಳದ ಮಿಸ್

ಮಹಡಿ ಮನೆಯ ಟೀಚರ್ ಹುಡುಗಿಗೆ ಕಿವಿ ಮಂದವೆಂದು ನಾನು ಬಹಳ ದಿನ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ನಂಬಿಕೆಗೆ ತಕ್ಕಂತೆ ನಡೆದುಕೊಂಡೂ ಇದ್ದೆ.

ಆ ಮನೆಯ ಕೆಳಭಾಗಕ್ಕೆ ನಾವು ಬಾಡಿಗೆಗೆ ಬಂದ ಹೊಸದು. ಬೆಳಿಗ್ಗೆ ಮೆಟ್ಟಿಲ ಹತ್ತಿರ ಸಿಕ್ಕಾಗ, "ಏನಮ್ಮಾ, ಸ್ಕೂಲಿಗೆ ಹೊರಟ್ಯಾ?" ಎಂದರೆ ಅವಳು ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ನಿಮ್ಮ ಮಾತು ಇನ್ನೂ ಮುಗಿದಿಲ್ಲ, ನಿಧಾನಕ್ಕೆ ಮುಗಿಸಿ ಎನ್ನುವಂಥ ನೋಟ. ನಾನು ಗಲಿಬಿಲಿಗೊಂಡು, "ಅಲ್ಲ, ಕೈಯಲ್ಲಿ ಬ್ಯಾಗ್ ಇದೆಯಲ್ಲ, ಅದಕ್ಕೆ ಕೇಳ್ದೆ" ಎಂದು ಸೇರಿಸುತ್ತಿದ್ದೆ. ಆಗಲೂ ಮೌನ. "ಅಂದ್ರೆ, ಇವತ್ತು ರಜಾ ಏನಾದ್ರೂ ಇದ್ದಿದ್ರೆ ಹೊರಡ್ತಿರ್ಲಿಲ್ಲ ಅಂತ" ಎಂದು ಇನ್ನಷ್ಟು ಹಳ್ಳಕ್ಕೆ ಇಳಿಯುತ್ತಿದ್ದೆ. ಎಲ್ಲ ಮುಗಿದ ಮೇಲೆ ಅವಳು, "ಹೌದು ಅಂಕಲ್" ಎನ್ನುತ್ತಿದ್ದಳು.

ಕಿವಿಯದ್ದೇ ತೊಂದರೆ ಎಂದು ತೀರ್ಮಾನಿಸಿ ದನಿ ಏರಿಸಿದೆ. ದಿನೇದಿನೇ ಏರಿಸುತ್ತ ಹೋದೆ. ನಾನು ಅವಳಿಗೆ ಹೇಳಿದ ಗುಡ್ ಮಾರ್ನಿಂಗಿಗೆ ಪಕ್ಕದ ಕಟ್ಟಡದವರು ಕಿಟಕಿ ತೆಗೆದು ಗುಡ್ ಮಾರ್ನಿಂಗ್ ಹೇಳತೊಡಗಿದರು. ಕೊನೆಗೊಂದು ದಿನ ಅವಳ ತಾಯಿ ಬಾಲ್ಕನಿಯಿಂದ ಬಗ್ಗಿ, "ಏನ್ರೀ, ನನ್ನ ಮಗಳನ್ನ ದಿನಾ ಯಾಕ್ರೀ ಹಾಗೆ ಗದರಿಸ್ತೀರಿ?" ಎಂದು ಕೇಳಿದರು.

ನಾನು ನನ್ನ ಅನುಮಾನವನ್ನು ಆದಷ್ಟು ನಾಜೂಕಾಗಿ ಹೇಳಿದೆ.

"ಕಿವಿ ನೆಟ್ಟಗಿದೆ ಕಣ್ರೀ," ಎಂದು ಅವರು ನಿಟ್ಟುಸಿರು ಬಿಟ್ಟರು. "ಅದು ಫಾರಿನ್ನಿಂದ ತಂದ ಕಾಯಿಲೆ."

ಈ ತಾಯಿ ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಬೀದಿಯವರ ಬಾಯಲ್ಲಿ ಅವರು ದೊಡ್ಡ ಮಿಸ್, ಮಗಳು ಫಾರಿನ್ ಮಿಸ್. ದೊಡ್ಡ ಮಿಸ್ "ಐದೇಳಲಿ?" ಎಂದರೆ ಇಡೀ ತರಗತಿ ಒಂದೇ ಗಂಟಲಿನಲ್ಲಿ "ಮೂವತ್ತೈದು" ಎಂದು ಕೂಗುತ್ತಿತ್ತಂತೆ. ಎದುರುಗಡೆಯ ಟೈಲರ್ ಅವರ ಹಳೆಯ ವಿದ್ಯಾರ್ಥಿ. ಈಗಲೂ ಬಾಲ್ಕನಿಯಲ್ಲಿ ಇವರು ಕೆಮ್ಮಿದರೆ ಅವನು ಮೆಷಿನ್ ನಿಲ್ಲಿಸಿ ಎದ್ದು ನಿಲ್ಲುತ್ತಾನೆ. ಅಂಥವರ ಮಗಳು ಹುಟ್ಟಿದಾಗಿನಿಂದ ಮೊದಲ ಬೆಂಚು, ಮೊದಲ ಸ್ಥಾನ. ಶಿಕ್ಷಕರ ತರಬೇತಿ ಕಾಲೇಜಿನಿಂದ ಒಬ್ಬರನ್ನು ಅರ್ಧ ವರ್ಷ ಪರದೇಶದ ಶಾಲೆಗೆ ಅಭ್ಯಾಸಕ್ಕೆ ಕಳಿಸುತ್ತೇವೆ ಎಂದಾಗ, ಆ ಒಬ್ಬರು ಯಾರೆಂದು ಯಾರೂ ಕೇಳಲೇ ಇಲ್ಲವಂತೆ.

ಅಲ್ಲಿ ಏನಾಯಿತು ಎಂಬುದನ್ನು ಅವಳ ಬಾಯಿಂದಲೇ ಕೇಳಿದ್ದು ಆಮೇಲೆ, ಒಂದು ಸಂಜೆ ಅವರ ಅಡುಗೆಮನೆಯಲ್ಲಿ. ಕಾಯುವುದು ನನಗೂ ಆಗಲೇ ರೂಢಿಯಾಗಿತ್ತು. ಪ್ರಶ್ನೆ ಕೇಳಿ ಒಂದು ಬಿಸ್ಕತ್ತು ಚಹಾದಲ್ಲಿ ಅದ್ದಿ ತಿಂದರೆ ಸರಿಯಾಗಿ ಉತ್ತರದ ಹೊತ್ತಿಗೆ ಮುಗಿಯುತ್ತಿತ್ತು.

"ಮೊದಲನೇ ದಿನದ ಪಾಠ ಪೂರ್ತಿ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ ಅಂಕಲ್. ಅವರ ಭಾಷೆಯಲ್ಲೇ. ಚೆನ್ನಾಗೇ ಒಪ್ಪಿಸ್ದೆ. ಆಮೇಲೆ ಒಂದು ಪ್ರಶ್ನೆ ಕೇಳ್ದೆ. ಅಲ್ಲೇ ಎಡವಟ್ಟಾಗಿದ್ದು."

"ಮಕ್ಕಳಿಗೆ ಉತ್ತರ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಹೇಳಿದ್ರು. ನನಗೇ ಅರ್ಥ ಆಗ್ಲಿಲ್ಲ."

ಪುಸ್ತಕದಲ್ಲಿ ಕಲಿತ ಭಾಷೆ ನಡೆಯುತ್ತಿತ್ತು, ಮಕ್ಕಳ ಬಾಯಲ್ಲಿ ಅದು ಓಡುತ್ತಿತ್ತು. ಸರಿ ಎನ್ನಲೂ ಆಗದೆ, ತಪ್ಪು ಎನ್ನಲೂ ಆಗದೆ ಇವಳು ನಗುಮುಖ ಮಾಡಿಕೊಂಡು ನಿಂತುಬಿಟ್ಟಳು. ಮಿಸ್‌ಗೆ ಇನ್ನೂ ಬೇಕು ಅಂದುಕೊಂಡು ಒಬ್ಬ ಬೋರ್ಡಿಗೆ ಬಂದು ಚಿತ್ರ ಬರೆದ. ಇನ್ನೊಬ್ಬಳು ಅದನ್ನು ಅಳಿಸಿ ಬೇರೆ ಬರೆದಳು. ಜಗಳವಾಯಿತು. ಬೆಲ್ ಹೊಡೆಯುವ ಹೊತ್ತಿಗೆ ಮಕ್ಕಳೇ ಕಿತ್ತಾಡಿ ಉತ್ತರವನ್ನು ಇತ್ಯರ್ಥ ಮಾಡಿದ್ದರು. ಇವಳಿಗೂ ಆಗಲೇ ಅರ್ಥವಾಗಿದ್ದು. ಹಿಂದೆ ಕುಳಿತು ನೋಡುತ್ತಿದ್ದ ಹಿರಿಯ ಶಿಕ್ಷಕಿ ಬಂದು ಕೈ ಕುಲುಕಿ, ಮಕ್ಕಳಿಗೆ ಯೋಚಿಸಲು ಇಷ್ಟು ಸಮಯ ಕೊಡುವವರನ್ನು ತಾವು ಕಂಡೇ ಇಲ್ಲ, ಎಂಥ ತಾಳ್ಮೆ ಎಂದರಂತೆ.

"ತಾಳ್ಮೆ ಎಲ್ಲಿ ಬಂತು ಅಂಕಲ್, ಹೆದರಿಕೆ ಅದು!"

ಆದರೆ ಹೊಗಳಿಕೆ ಬಂದಾಗಿತ್ತು. ಜೊತೆಯ ತರಬೇತಿಯವರನ್ನು ಇವಳ ಕ್ಲಾಸು ನೋಡಲು ಕಳಿಸತೊಡಗಿದರು. ನೋಡಲು ಬಂದವರೆದುರು ಮತ್ತೆ ಹಾಗೇ ನಿಲ್ಲಲೇಬೇಕು. ಶಾಲೆಯ ಹೊರಗೂ ಅದೇ ಪಾಡು. ಅಂಗಡಿಯಲ್ಲಿ ಕೈಸನ್ನೆ ಮಾಡಿ ಸೋಪು ಕೇಳಿದರೆ ಮೇಣದಬತ್ತಿ ಕೊಟ್ಟರು. ಬದಲಾಯಿಸಿ ಎನ್ನಲು ಮಾತು ಸಾಲದೆ, ಆ ವಾರವಿಡೀ ಬಾಡಿಗೆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಓದಿದಳಂತೆ. ಮನೆ ಒಡತಿ ಅದನ್ನು ಕಂಡು, ಕರೆಂಟ್ ಉಳಿಸುವ ಹುಡುಗಿ ಎಂದು ಅದನ್ನೂ ಹೊಗಳಿದಳಂತೆ.

"ಅಲ್ಲಿ ನಾನು ಕೊನೇ ಬೆಂಚಿನವಳು ಅಂಕಲ್," ಎಂದಳು. "ಹೇಳಬೇಕಾದ್ದು ತಲೇಲಿ ಇರುತ್ತೆ. ಬಾಯಿಗೆ ಬರೋಷ್ಟರಲ್ಲಿ ಮಾತು ಎಲ್ಲೋ ಮುಂದೆ ಹೋಗಿರುತ್ತೆ. ಕ್ಲಾಸಿನ ಹೊರಗೆ ಎಲ್ಲರೂ ನನ್ನನ್ನ ದಡ್ಡಿ ಅಂದ್ಕೊಂಡು ಪ್ರೀತಿಯಿಂದ ನೋಡೋರು. ನಾನು ಓದಿದ್ದ ಅಮ್ಮನ ಕ್ಲಾಸಲ್ಲೂ ಹಾಗೆ ಹಿಂದೆ ಸುಮ್ನೆ ಕೂತಿರೋರು ಇದ್ರಲ್ಲ ಅಂತ ಅಲ್ಲಿ ನೆನಪಾಯ್ತು. ಒಬ್ಬರ ಹೆಸರೂ ಹೊಳೀಲಿಲ್ಲ."

ದೊಡ್ಡ ಮಿಸ್ ಒಲೆಯ ಕಡೆ ತಿರುಗಿಕೊಂಡಿದ್ದರು. ಚಹಾ ಉಕ್ಕಿದ್ದು ಅವರಿಗೆ ಕಾಣಿಸಲಿಲ್ಲ.

"ಈಗ ನನಗೇ ಗೊತ್ತಾಗಲ್ಲ," ಎಂದು ಮಗಳು ಮುಂದುವರಿಸಿದಳು. "ಕಾಯೋದನ್ನ ನಾನು ಅಲ್ಲಿ ಕಲಿತಿದ್ದಾ? ಇಲ್ಲಾ, ಹೆದರ್ಕೊಂಡಿದ್ದೇ ಅಭ್ಯಾಸ ಆಗಿಹೋಯ್ತಾ? ಕಲಿತಿದ್ದಾದ್ರೆ ಬಿಡಬಾರದು. ಭಯ ಆದ್ರೆ ಇಟ್ಕೋಬಾರದು."

ನಾನು ನಾಲ್ಕು ಪುಸ್ತಕ ಬರೆದವನು, ಎಂಥ ಗೊಂದಲಕ್ಕೂ ಒಂದು ಮಾತು ಇಟ್ಟುಕೊಂಡಿರುವವನು. ಬಾಯಿ ತೆರೆದೆ. ಇನ್ನೊಂದು ಬಿಸ್ಕತ್ತು ತಿಂದೆ.

ಗೊಂದಲ ಅಡುಗೆಮನೆಯಲ್ಲೇ ಇದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯವರು ಅವಳನ್ನು ಒಂದು ವರ್ಷದ ಮಟ್ಟಿಗೆ ಐದನೇ ತರಗತಿ ಬಿ ವಿಭಾಗಕ್ಕೆ ತೆಗೆದುಕೊಂಡು, ಗೇಟಿನ ಮೇಲೆ "ವಿದೇಶದಲ್ಲಿ ತರಬೇತಿ ಪಡೆದ ಶಿಕ್ಷಕಿಯರು" ಎಂಬ ಬ್ಯಾನರ್ ಕಟ್ಟಿಸಿದ್ದರು. ಇದ್ದದ್ದು ಒಬ್ಬಳೇ ಆದರೂ ಬಹುವಚನ. ತಂದೆತಾಯಿಗಳಿಗೆ ಬ್ಯಾನರ್ ಹಿಡಿಸಿತು, ಪಾಠ ಹಿಡಿಸಲಿಲ್ಲ. ಎ ವಿಭಾಗದ ಮಕ್ಕಳ ನೋಟ್ಸ್ ತುಂಬಿ ತುಳುಕುತ್ತಿದ್ದರೆ ಬಿ ವಿಭಾಗದಲ್ಲಿ ಖಾಲಿ ಹಾಳೆ. "ಆ ಮಿಸ್‌ಗೇ ಉತ್ತರ ಗೊತ್ತಿಲ್ವಂತೆ, ಮಕ್ಕಳನ್ನ ಕೇಳಿ ತಿಳ್ಕೋತಾರಂತೆ" ಎಂದು ಒಬ್ಬ ತಂದೆ ದೂರು ಕೊಟ್ಟ. ಆಡಳಿತ ಸಮಿತಿ ತರಗತಿಯಲ್ಲೇ ಕುಳಿತು ಒಂದು ಪಾಠ ನೋಡಿ, ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನಿಸಬೇಕೆಂದಾಯಿತು.

ಆ ಸಮಿತಿಯಲ್ಲಿ ನಾನೂ ಇದ್ದೆ. ಸಾಹಿತಿಗಳೆಂಬ ಗೌರವಕ್ಕೆ ಕರೆದರೆಂದು ಮನೆಯಲ್ಲಿ ಹೇಳಿಕೊಂಡಿದ್ದೆ. ವಾರದ ದಿನ ಬೆಳಿಗ್ಗೆ ಬಿಡುವಾಗಿರುವ ಗಂಡಸು ಬೀದಿಯಲ್ಲಿ ಬೇರೆ ಸಿಕ್ಕಿರಲಿಲ್ಲವೆಂದು ಆಮೇಲೆ ತಿಳಿಯಿತು.

ಹಿಂದಿನ ದಿನ ದೊಡ್ಡ ಮಿಸ್ ಅಡುಗೆಮನೆಯಲ್ಲೇ ತಾಲೀಮು ಇಟ್ಟರು. ವಿದ್ಯಾರ್ಥಿಗಳು ಅವರು ಮತ್ತು ನಾನು.

"ನೋಡೇ, ನಾಳೆ ಒಂದು ದಿನ ನಾನು ಹೇಳಿದ ಹಾಗೆ ಮಾಡು. ಪ್ರಶ್ನೆ ಕೇಳು, ಉತ್ತರ ಹೇಳು, ಎಲ್ಲರ ಕೈಲೂ ಹೇಳ್ಸು, ಬರ್ಸು. ಕೆಲಸ ಕಾಯಂ ಆಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ಮೌನವ್ರತ ಮಾಡ್ಕೋ."

ಮಗಳು ಒಪ್ಪಿದಳು. ಎದ್ದು ನಿಂತು, ತಾಯಿಯದೇ ದನಿಯಲ್ಲಿ, "ಮಧ್ಯಾಹ್ನ ನೆರಳು ಯಾಕೆ ಗಿಡ್ಡ? ಸೂರ್ಯ ನೆತ್ತಿ ಮೇಲಿರ್ತಾನೆ, ಬೆಳಕು ಮೇಲಿನಿಂದ ಬೀಳುತ್ತೆ, ಅದಕ್ಕೆ ಗಿಡ್ಡ. ಎಲ್ಲರೂ ಹೇಳಿ!" ಎಂದಳು. ದೊಡ್ಡ ಮಿಸ್ಸೂ ನಾನೂ ಪಾತ್ರೆಗಳು ಅದುರುವಂತೆ ಹೇಳಿದೆವು. ಎದುರಂಗಡಿಯ ಟೈಲರೂ ಹೇಳಿದನೆಂದು ನನ್ನ ಗುಮಾನಿ.

ಮಾರನೆಯ ದಿನ ನಾವು ಮೂವರು ಸಮಿತಿಯವರು ಕೊನೆಯ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕುಳಿತೆವು. ಒಂದು ತುದಿಗೆ ಹೆಡ್‌ಮಾಸ್ಟರು, ನಡುವೆ ಸಮಿತಿಯ ಅಧ್ಯಕ್ಷರಾದ ಔಷಧಿ ಅಂಗಡಿಯವರು, ಈ ತುದಿಗೆ ನಾನು. ಕಿಟಕಿಯ ಕೆಳಗೆ ಸೈಕಲ್ ಸ್ಟ್ಯಾಂಡು, ಗೋಡೆಯ ಮೇಲೆ ಮಕ್ಕಳು ಬರೆದ ಗ್ರಹಗಳು. ಫಾರಿನ್ ಮಿಸ್ ಬಂದು, ಸೀಮೆಸುಣ್ಣ ಹಿಡಿದು, "ಬೆಳಿಗ್ಗೆ ಉದ್ದ ಇರೋ ನೆರಳು ಮಧ್ಯಾಹ್ನ ಯಾಕೆ ಗಿಡ್ಡ ಆಗುತ್ತೆ?" ಎಂದು ಕೇಳಿದಳು. ಬಾಯಿ ತೆರೆದಳು. ಉತ್ತರ ನಾಲಿಗೆಯ ತುದಿಯವರೆಗೆ ಬಂದದ್ದು ನನಗೆ ಕಾಣಿಸಿತು.

ಬಾಯಿ ಮುಚ್ಚಿಕೊಂಡಳು. ನಗುಮುಖ ಮಾಡಿ ನಿಂತಳು.

ಮಕ್ಕಳಿಗೆ ಇದು ಹೊಸದಲ್ಲ. ಅವರು ಪೆನ್ಸಿಲ್ ಕಚ್ಚುತ್ತ, ಮೇಲೆ ನೋಡುತ್ತ ಆರಾಮಾಗಿ ಯೋಚಿಸುತ್ತಿದ್ದರು. ಸಂಕಟವೆಲ್ಲ ಕೊನೆಯ ಬೆಂಚಿನದು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಹುಡುಗಿಯ ಕೆಲಸ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದೆ ಎಂದು ನನಗನ್ನಿಸಿತು. ಆ ಮೌನ ತಡೆಯಲಾಗದೆ ನಾನು ಎದ್ದು ನಿಂತು, "ಮಧ್ಯಾಹ್ನ ಸೂರ್ಯ ಹತ್ತಿರ ಬರ್ತಾನೆ!" ಎಂದುಬಿಟ್ಟೆ.

ಹಿಂದಿನ ದಿನವಷ್ಟೇ ಅದೇ ಬಾಯಲ್ಲಿ ಪಾತ್ರೆ ಅದುರುವಂತೆ ಸರಿಯುತ್ತರ ಹೇಳಿದ್ದವನು ನಾನು.

"ಹತ್ತಿರ ಅಲ್ಲ ರೀ," ಎಂದರು ಅಧ್ಯಕ್ಷರು ಕುಳಿತಲ್ಲಿಂದಲೇ. "ಬಿಸಿಲು ಜೋರಿರುತ್ತೆ. ಶಾಖಕ್ಕೆ ನೆರಳು ಕುಗ್ಗುತ್ತೆ."

ಅವಳು ನಗಲಿಲ್ಲ, ತಿದ್ದಲೂ ಇಲ್ಲ. ಎರಡನ್ನೂ ಬೋರ್ಡಿನ ಮೇಲೆ ಬರೆದಳು. "ಯಾರ್ಯಾರಿಗೆ ಯಾವುದು ಸರಿ ಅನ್ಸುತ್ತೆ?" ದೊಡ್ಡವರ ಮಾತೆಂದು ಒಂದಷ್ಟು ಕೈ ನನ್ನ ಕಡೆ ಎದ್ದವು, ಒಂದಷ್ಟು ಅಧ್ಯಕ್ಷರ ಕಡೆ. ಕಿಟಕಿ ಪಕ್ಕದ ಒಬ್ಬ ಹುಡುಗಿ ಮಾತ್ರ ಕೈ ಎತ್ತಲೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿ, ಕೊನೆಗೆ, "ಮಿಸ್, ಚಳಿ ಇದ್ದ ದಿನಾನೂ ಮಧ್ಯಾಹ್ನ ಗಿಡ್ಡಾನೇ ಇರುತ್ತಲ್ವಾ?" ಎಂದಳು.

ಅಧ್ಯಕ್ಷರ ಕಡೆಯ ಕೈಗಳು ಒಂದೊಂದಾಗಿ ಇಳಿದವು. ಅಧ್ಯಕ್ಷರದ್ದು ಕೊನೆಗೆ.

ಆಮೇಲೆ ಟಾರ್ಚು ಬಂತು. ಮೇಜಿನ ಮೇಲೆ ಡಸ್ಟರನ್ನು ನಿಲ್ಲಿಸಿ ಹತ್ತಿರದಿಂದ ಬೆಳಕು ಬಿಟ್ಟರು, ದೂರದಿಂದ ಬಿಟ್ಟರು, ತಗ್ಗಿನಿಂದ ಬಿಟ್ಟರು. ಟಾರ್ಚನ್ನು ಎತ್ತಿ ಎತ್ತಿ ನೇರ ಮೇಲಕ್ಕೆ ತಂದಾಗ ನೆರಳು ಡಸ್ಟರಿನ ಬುಡಕ್ಕೆ ಸೇರಿಕೊಂಡಿತು. ತರಗತಿ ಕಿರುಚಿತು. ನಾನೂ ಕಿರುಚಿದೆನಂತೆ. ಅಷ್ಟರಲ್ಲಿ ಬೆಲ್ ಹೊಡೆಯಿತು. ಯಾರ ನೋಟ್ಸಿನಲ್ಲೂ ಒಂದಕ್ಷರ ಇರಲಿಲ್ಲ.

ಹೊರಗೆ ವರಾಂಡದಲ್ಲಿ ಅವಳು ಬಿಳಿಚಿಕೊಂಡಿದ್ದಳು. "ಉತ್ತರ ಹೇಳೋಣ ಅಂತಾನೇ ಇದ್ದೆ ಅಂಕಲ್. ಅಮ್ಮನಿಗೆ ಮಾತು ಕೊಟ್ಟಿದ್ದೆ. ಏನಾಯ್ತೋ ಗೊತ್ತಾಗ್ಲಿಲ್ಲ."

ಸಮಿತಿ ಹೆಡ್‌ಮಾಸ್ಟರ ಕೋಣೆಯಲ್ಲಿ ಸೇರಿತು. ಅಧ್ಯಕ್ಷರು ಸಿಡಿಮಿಡಿಯಾಗಿದ್ದರು. "ಮಕ್ಕಳ ಮುಂದೆ ಆ ಹುಡುಗಿ ನನ್ನ ಮಾನ ತೆಗೆದ್ಳಲ್ರೀ!"

"ನಾವು ಹೋಗಿದ್ದು ನೋಡೋಕೆ ಸಾರ್, ಉತ್ತರ ಹೇಳೋಕಲ್ಲ," ಎಂದರು ಹೆಡ್‌ಮಾಸ್ಟರು.

"ಯಾರೂ ಹೇಳ್ತಿಲ್ಲ ಅಂದ್ರೆ ಎಷ್ಟು ಹೊತ್ತು ಅಂತ ಸುಮ್ನೆ ಕೂರೋದು? ಇದೊಂದು ಪಾಠಾನಾ?"

ನನ್ನ ಅಭಿಪ್ರಾಯ ಕೇಳಿದರು. ನಿನ್ನೆ ಈ ಉತ್ತರವನ್ನು ನನಗೆ ಹೇಳಿಕೊಟ್ಟಿದ್ದರು, ನಾನು ಕೂಗಿಯೂ ಇದ್ದೆ, ರಾತ್ರಿ ಕಳೆಯುವಷ್ಟರಲ್ಲಿ ಅದು ಹಾರಿಹೋಗಿತ್ತು, ಇವತ್ತು ಮಾನ ಕಳೆದುಕೊಂಡು ಕಲಿತದ್ದು ಸಾಯುವ ತನಕ ಹೋಗುವಂತಿಲ್ಲ ಎಂದೆ. ಇದು ಪರವೋ ವಿರೋಧವೋ ಹೆಡ್‌ಮಾಸ್ಟರಿಗೆ ತಿಳಿಯಲಿಲ್ಲ. ಅವಳನ್ನೇ ಒಳಗೆ ಕರೆಸಿದರು.

"ನೋಡಮ್ಮಾ, ಪಾಠ ಏನೋ ಚೆನ್ನಾಗಿತ್ತು ಅನ್ಸುತ್ತೆ. ಚೆನ್ನಾಗಿತ್ತೋ ಇಲ್ವೋ ನನಗೂ ಸರಿಯಾಗಿ ಗೊತ್ತಿಲ್ಲ. ಇನ್ಮೇಲೆ ಪ್ರಶ್ನೆ ಕೇಳಿದ ಕೂಡ್ಲೇ ಉತ್ತರ ಹೇಳ್ತೀನಿ ಅಂತ ಒಪ್ಕೊಂಡ್ರೆ ಕೆಲಸ ಕಾಯಂ ಮಾಡೋಣ. ಏನಂತೀಯ?" ಎಂದರು ಹೆಡ್‌ಮಾಸ್ಟರು.

ಅವಳು ಅವರ ಮುಖ ನೋಡುತ್ತ ನಿಂತಳು. ಫ್ಯಾನಿನ ಸದ್ದು. ಹೊರಗೆ ನಲ್ಲಿಯಲ್ಲಿ ಯಾರೋ ಕೈ ತೊಳೆಯುವ ಸದ್ದು. ಅಧ್ಯಕ್ಷರು ಕುರ್ಚಿಯಲ್ಲಿ ಆಚೀಚೆ ಹೊರಳಿ, "ಕೂಡ್ಲೇ ಅಂದ್ರೆ ಆ ಕ್ಷಣಾನೇ ಅಂತಲ್ಲಮ್ಮಾ. ಬೆಲ್ ಹೊಡೆಯೋ ಮುಂಚೆ ಹೇಳಿದ್ರೆ ಸಾಕು" ಎಂದರು.

ಅವಳು ಆಗಲೂ ಸುಮ್ಮನೆ ನಿಂತಿದ್ದಳು.

"ಹೋಗ್ಲಿ, ಮಾರನೇ ದಿನ ಆದ್ರೂ ಆಯ್ತು," ಎಂದರು ಅಧ್ಯಕ್ಷರು, ಹಣೆಯೊರೆಸಿಕೊಂಡು. "ಒಟ್ಟು ಮಕ್ಕಳ ನೋಟ್ಸಲ್ಲಿ ಬಂದಿರ್ಬೇಕು ಅಷ್ಟೇ."

"ಆಗ್ಲಿ ಸಾರ್," ಎಂದಳು.

ಅವಳು ವರಾಂಡಕ್ಕೆ ಬಂದ ಮೇಲೆ, ಇದೇನು ಚೌಕಾಸಿಯ ಉಪಾಯವೇ ಎಂದು ಕೇಳಿದೆ. ಅವಳು ಆಣೆ ಮಾಡಿ ಅಲ್ಲವೆಂದಳು. ಒಪ್ಪಲೋ ಬೇಡವೋ ತಿಳಿಯದೆ ನಿಜಕ್ಕೂ ಯೋಚಿಸುತ್ತಿದ್ದಳಂತೆ. ಆ ದಿನ ಸಂಜೆ ದೊಡ್ಡ ಮಿಸ್ ಸುದ್ದಿ ಕೇಳಿ ಮಗಳನ್ನು ತಬ್ಬಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನೆ ನನ್ನ ಪಕ್ಕ ಕೂತು ಅಷ್ಟು ಚೆನ್ನಾಗಿ ಹೇಳಿದ್ರಲ್ರೀ, ಹೇಗ್ರೀ ಮರೆತ್ರಿ?" ಎಂದರು. ಮತ್ತೆ ಎದುರಂಗಡಿಯ ಟೈಲರ್ ಕಡೆ ನೋಡುತ್ತ, "ಅವನಿಗಾದ್ರೂ ನಾನು ಹೇಳ್ಕೊಟ್ಟಿದ್ದು ನೆನಪಿದೆಯಾ, ಒಂದು ಸಲ ಕೇಳ್ಬೇಕು" ಎಂದು ತಮಗೇ ಹೇಳಿಕೊಂಡರು. ಕೇಳಿದರೋ ಇಲ್ಲವೋ, ನನಗೆ ತಿಳಿಯದು.

ಇಷ್ಟಾದರೂ ಲೇಖಕನಿಗೆ ಒಂದು ಮಾತು ಬೇಕಲ್ಲ, ಬರಹ ಮುಗಿಸಲು. ಒಂದು ಬೆಳಿಗ್ಗೆ ಮೆಟ್ಟಿಲಿಗೆ ಅಡ್ಡ ನಿಂತು, ದನಿ ತಗ್ಗಿಸಿ ಗಂಭೀರವಾಗಿ ಕೇಳಿದೆ: "ನಿಜ ಹೇಳಮ್ಮಾ. ಇಷ್ಟೆಲ್ಲ ಆದ್ಮೇಲೆ, ನಿನ್ನ ಅಂತರಂಗದಲ್ಲಿ ನೀನು ಅಲ್ಲಿಯ ಟೀಚರಾ, ಇಲ್ಲಿಯ ಟೀಚರಾ?"

ಕೇಳಿ, ಕಂಬಿಗೆ ಒರಗಿ, ಕಾಯಲು ಸಿದ್ಧನಾದೆ. ಕಾಯಬೇಕಾಗಲಿಲ್ಲ.

"ಐದನೇ ಕ್ಲಾಸ್ ಬಿ ಸೆಕ್ಷನ್ ಟೀಚರು. ದಾರಿ ಬಿಡಿ ಅಂಕಲ್, ಬಸ್ ಹೋಗುತ್ತೆ."